ಮಗುವಿಗೆ ಕಣ್ಣು ಬೇನೆ: ಯಾರ ಬಳಿಗೆ, ಎಷ್ಟು ಬೇಗ ಹೋಗಬೇಕು?

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಬೀದಿಯ ಔಷಧಿ ಅಂಗಡಿಗೆ ಬಂದ ಅಜ್ಜಿಯೊಬ್ಬರು, ‘ಕೂಸಿನ ಕಣ್ಣಲ್ಲಿ ಪಿಚ್ಚು ಕಟ್ಟಿದೆ, ಒಂದು ಡ್ರಾಪ್ಸ್ ಕೊಡಪ್ಪ’ ಎಂದರು. ಅಂಗಡಿಯ ಹುಡುಗ ಮಗುವಿನ ವಯಸ್ಸನ್ನೂ ಕೇಳದೆ ಕಪಾಟಿನಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಕೊಟ್ಟ. ನಾನು ವಿಚಾರಿಸಿದಾಗ, ಬಾಣಂತನಕ್ಕೆ ಬಂದಿರುವ ಮಗಳ ಕೂಸಿಗೆ ಹನ್ನೆರಡು ದಿನವಷ್ಟೇ ಆಗಿದೆ ಎಂದು ತಿಳಿಯಿತು. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಾಸೋನ್ ಎಂದಿತ್ತು, ಅದು ಕೆಂಪನ್ನು ಇಳಿಸಿ ಸೋಂಕನ್ನು ಮರೆಮಾಚುವ ಸ್ಟೀರಾಯ್ಡ್. ಆ ಬಾಟಲಿಯನ್ನು ಹಿಂದಿರುಗಿಸಿ, ಹೆರಿಗೆಯಾದ ಆಸ್ಪತ್ರೆಗೆ ಅಂದೇ ರಾತ್ರಿ ಕೂಸನ್ನು ಕರೆದೊಯ್ಯುವಂತೆ ಅವರನ್ನು ಒಪ್ಪಿಸಬೇಕಾಯಿತು. ಇಂಥ ದೃಶ್ಯವನ್ನು ಮತ್ತೆ ಮತ್ತೆ ಕಂಡಿರುವುದರಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಮಗುವನ್ನು ಕಿಟಕಿಯ ಬೆಳಕಿಗೆ ಕರೆತಂದು ಕಣ್ಣನ್ನು ನೋಡಬೇಕು. ಹೆಚ್ಚಿನವರು ತಪ್ಪುವುದು ಇಲ್ಲಿಯೇ, ಏಕೆಂದರೆ ಕೆಂಪಾದ ಕಣ್ಣೆಲ್ಲವೂ ಅವರಿಗೆ ‘ಮದ್ರಾಸ್ ಐ’ ಆಗಿ ಕಾಣುತ್ತದೆ. 2023ರ ಜುಲೈ–ಆಗಸ್ಟ್‌ನಲ್ಲಿ ರಾಜ್ಯದಾದ್ಯಂತ ಕಣ್ಣು ಬೇನೆ ಹರಡಿದ ಮೇಲಂತೂ ಆ ಹೆಸರು ಎಲ್ಲರ ಬಾಯಲ್ಲಿದೆ. ಆದರೆ ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ವಯಸ್ಸು. ಮಗುವಿಗೆ 28 ದಿನ ತುಂಬಿಲ್ಲದಿದ್ದರೆ, ಕಣ್ಣು ಕೆಂಪಾಗಿ ರೆಪ್ಪೆ ಊದಿಕೊಂಡು ಕೀವು ಸುರಿಯುತ್ತಿದ್ದರೆ, ಅದು ಹೆರಿಗೆಯ ಸಮಯದಲ್ಲಿ ತಾಯಿಯಿಂದ ತಗುಲಿದ ಸೋಂಕಾಗಿರಬಹುದು. ಅದರಲ್ಲಿ ಒಂದು ಬಗೆಯು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು ಕೆಲವೇ ದಿನಗಳಲ್ಲಿ ತೂತು ಮಾಡಬಲ್ಲದು, ಮತ್ತು ಅದಕ್ಕೆ ಡ್ರಾಪ್ಸ್ ಮಾತ್ರ ಸಾಲದು, ಚುಚ್ಚುಮದ್ದು ಬೇಕಾಗುತ್ತದೆ. ಆದ್ದರಿಂದ ನವಜಾತ ಶಿಶುವಿನ ವಿಷಯದಲ್ಲಿ ‘ಬೆಳಿಗ್ಗೆ ನೋಡೋಣ’ ಎಂಬ ಮಾತೇ ಬರಬಾರದು.

ದೊಡ್ಡ ಮಗುವಾದರೂ ಕೆಲವು ಲಕ್ಷಣಗಳಿದ್ದರೆ ಅದೇ ದಿನ ಹೊರಡಬೇಕು: ರೆಪ್ಪೆ ಊದಿ ಜ್ವರ ಬಂದಿರುವುದು, ಕಣ್ಣು ಮುಂದಕ್ಕೆ ಚಾಚಿದಂತೆ ಕಾಣುವುದು ಅಥವಾ ಅತ್ತಿತ್ತ ಹೊರಳದಿರುವುದು, ಬೆಳಕು ಕಂಡೊಡನೆ ಮಗು ಚೀರಿ ಮುಖ ಮುಚ್ಚಿಕೊಳ್ಳುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಮೂಡಿರುವುದು, ಕಡ್ಡಿಯೋ ಭತ್ತದ ಹೊಟ್ಟೋ ತಾಗಿದ ನಂತರ ಕಣ್ಣು ಕೆಂಪಾಗಿರುವುದು. ಜ್ವರ, ಮೈಮೇಲೆ ಕೆಂಪು ದದ್ದು, ಕೆಂಪು ಕಣ್ಣು ಮೂರೂ ಒಟ್ಟಿಗೆ ಬಂದಿದ್ದರೆ ಅದು ದಡಾರವಾಗಿರುವ ಸಂಭವವಿದೆ. ‘ಅಮ್ಮ ಬಂದಿದ್ದಾಳೆ’ ಎಂದು ಮನೆಯಲ್ಲೇ ಇಟ್ಟುಕೊಳ್ಳದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು, ಏಕೆಂದರೆ ಕಣ್ಣನ್ನು ಉಳಿಸಲು ಆಗ ಎ ಜೀವಸತ್ವದ ದ್ರಾವಣವನ್ನು ಕುಡಿಸುತ್ತಾರೆ. ಇದಕ್ಕೆ ಪ್ರತಿಯಾಗಿ, ಕೆಲವು ತಿಂಗಳ ಕೂಸಿನ ಕಣ್ಣಿನ ಬಿಳಿಭಾಗ ಬೆಳ್ಳಗೇ ಇದ್ದು ನೀರು ಮತ್ತು ಪಿಚ್ಚು ಮಾತ್ರ ಬರುತ್ತಿದ್ದರೆ ಅದು ಸಾಮಾನ್ಯವಾಗಿ ಸೋಂಕಲ್ಲ, ಕಣ್ಣೀರಿನ ನಾಳ ಇನ್ನೂ ತೆರೆದಿಲ್ಲವೆಂದು ಅರ್ಥ. ಮೂಗಿನ ಪಕ್ಕದಲ್ಲಿ ಒತ್ತಿ ನೀವುವ ಕ್ರಮವನ್ನು ವೈದ್ಯರಿಂದ ಕಲಿತು ಮಾಡಿದರೆ ಹೆಚ್ಚಿನ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನಾಗಿ ಸರಿಯಾಗುತ್ತದೆ.

ಹೊರಡುವ ಮುನ್ನ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಮ್ಮೆ ಒರೆಸಿ ಆ ಹತ್ತಿಯನ್ನು ಎಸೆಯಿರಿ. ಎದೆಹಾಲು, ನಂದಿಬಟ್ಟಲ ಹೂವಿನ ರಸ, ಜೇನು, ಹರಳೆಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಕಾಡಿಗೆಯನ್ನು ಪೂರ್ತಿ ನಿಲ್ಲಿಸಿ. ಇದರಲ್ಲಿ ನನಗೆ ರಾಜಿಯಿಲ್ಲ.

ಇನ್ನು ಹೋಗುವ ಸ್ಥಳ. ನವಜಾತ ಶಿಶುವನ್ನು ಹೆರಿಗೆಯಾದ ಆಸ್ಪತ್ರೆಗೆ ಅಥವಾ ನವಜಾತ ಶಿಶು ಘಟಕವಿರುವ ಜಿಲ್ಲಾ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಸಾಗಾಟ ಎಲ್ಲವೂ ಉಚಿತ. ಹಣವಿಲ್ಲವೆಂದು ತಡಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಪಾಯದ ಲಕ್ಷಣವಿಲ್ಲದ ದೊಡ್ಡ ಮಗುವಿಗೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನೀವು ಸದಾ ತೋರಿಸುವ ಮಕ್ಕಳ ವೈದ್ಯರು ಸಾಕು. ಸಾಮಾನ್ಯ ಕೆಂಗಣ್ಣಿಗೆ ಮಗುವನ್ನು ಎತ್ತಿಕೊಂಡು ದೂರದ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಲ್ಲುವುದು ಮಗುವಿಗೂ ಒಳ್ಳೆಯದಲ್ಲ, ಸಾಲಿನಲ್ಲಿರುವ ಇತರರಿಗೂ ಒಳ್ಳೆಯದಲ್ಲ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಕಣ್ಣಿನ ವೈದ್ಯರು ಯಾವ ದಿನ ಬರುತ್ತಾರೆಂಬುದು ಅವರಿಗೆ ಗೊತ್ತಿರುತ್ತದೆ.

ನೇತ್ರ ತಜ್ಞರೇ ಬೇಕಾದಾಗ ಬೆಂಗಳೂರಿನವರಿಗೆ ಕೃಷ್ಣರಾಜ ಮಾರುಕಟ್ಟೆಯ ಸಮೀಪ ಸರ್ಕಾರದ ಮಿಂಟೊ ಕಣ್ಣಾಸ್ಪತ್ರೆಯಿದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಗಳೂರಿನಲ್ಲಿ ವೆನ್‌ಲಾಕ್, ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನ ಕರೆಯುವ ಸರ್ಕಾರಿ ಆಸ್ಪತ್ರೆ ಇವೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವರು ನಂಬರ್ ನೋಡುವವರೇ ಹೊರತು ಸೋಂಕಿಗೆ ಔಷಧಿ ಕೊಡುವವರಲ್ಲ. ಚೀಟಿ ಮಾಡಿಸುವ ಕೌಂಟರ್‌ನಲ್ಲಿ ‘ಕಣ್ಣು ನೋವು’ ಎಂದಷ್ಟೇ ಹೇಳಿದರೆ ಸಾಲಿನ ಕೊನೆಗೆ ನಿಲ್ಲಬೇಕಾಗುತ್ತದೆ. ‘ಹನ್ನೆರಡು ದಿನದ ಮಗು, ನಿನ್ನೆಯಿಂದ ಕೀವು, ರೆಪ್ಪೆ ಊದಿದೆ’ ಎಂದು ವಯಸ್ಸು, ಅವಧಿ, ಲಕ್ಷಣ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ. ತಾಯಿ ಕಾರ್ಡನ್ನೂ, ಬೆಳಿಗ್ಗೆ ಎದ್ದಾಗ ಕಣ್ಣು ಹೇಗಿತ್ತೆಂದು ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ, ಈಗಾಗಲೇ ಏನಾದರೂ ಹಾಕಿದ್ದರೆ ಆ ಬಾಟಲಿಯನ್ನೂ ಒಯ್ಯಬೇಕು.

ವೈದ್ಯರು ಬರೆದ ಔಷಧಿಯನ್ನು ಕೊಳ್ಳುವಾಗ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ‘ಅದು ಇಲ್ಲ, ಇದೂ ಅದೇ’ ಎಂದು ಬೇರೆಯದನ್ನು ಕೊಟ್ಟರೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳು ಅದರಲ್ಲಿವೆಯೇ ಎಂದು ಹುಡುಕಿ. ಇದ್ದರೆ ವೈದ್ಯರನ್ನು ಕೇಳದೆ ತರಬೇಡಿ. ಸ್ಟೀರಾಯ್ಡ್ ಹಾಕಿದ ದಿನವೇ ಕೆಂಪು ಇಳಿದು ಗುಣವಾದಂತೆ ಕಾಣುತ್ತದೆ, ಒಳಗೆ ಹುಣ್ಣು ಬೆಳೆಯುತ್ತಿರಬಹುದು.

ಡ್ರಾಪ್ಸ್ ಹಾಕಲು ಕೈ ತೊಳೆದು ಮಗುವನ್ನು ಅಂಗಾತ ಮಲಗಿಸಿ, ಅದು ಕಣ್ಣು ಮುಚ್ಚಿಕೊಂಡರೂ ಮೂಗಿನ ಪಕ್ಕದ ಮೂಲೆಗೆ ಒಂದು ಹನಿ ಬಿಟ್ಟು ಕಾಯಿರಿ. ಕಣ್ಣು ತೆರೆದಾಗ ಔಷಧಿ ತಾನಾಗಿ ಒಳಗಿಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಎರಡು ದಿನವಾದರೂ ಕೀವು ತಗ್ಗದಿದ್ದರೆ ಅದೇ ವೈದ್ಯರ ಬಳಿಗೆ ಹಿಂದಿರುಗಿ. ತೆರೆದ ಬಾಟಲಿಯನ್ನು ತಿಂಗಳ ನಂತರ ಎಸೆಯಿರಿ, ಪಕ್ಕದ ಮನೆಯ ಮಗುವಿಗೆಂದು ಕೇಳಿದರೂ ಕೊಡಬೇಡಿ.