ಮೆಣಸಿನ ಬಳ್ಳಿ ಉಳೀಬೇಕಾ? ಹ್ಯಾಮಕ್‌ಗೆ ಮರದ ಸ್ಟ್ಯಾಂಡ್ ಮಾಡ್ಕೊಳ್ಳಿ

ಕಾಫಿ ತೋಟದ ತುಂಬ ಮೆಣಸು ಹಬ್ಬಿಸಿದ ಸಿಲ್ವರ್ ಓಕ್ ಮರ ಇರೋವಾಗ ಸ್ಟ್ಯಾಂಡ್ ಯಾಕೆ ಅಂತ ನಾನೂ ಅಂದ್ಕೊಂಡಿದ್ದೆ, ಎರಡು ಮರಕ್ಕೆ ಹಗ್ಗ ಬಿಗಿದು ಹ್ಯಾಮಕ್ (ನೇತಾಡೋ ಜೋಲಿ) ಕಟ್ಟಿ ಮಲಗಿದೆ, ಸಂಜೆ ಹೊತ್ತಿಗೆ ಒಂದು ಮರದ ಮೆಣಸಿನ ಬಳ್ಳಿ ಕಿತ್ಕೊಂಡು ನೇತಾಡ್ತಿತ್ತು. ಅವ್ವ ಎರಡು ದಿನ ಸರಿಯಾಗಿ ಮಾತಾಡ್ಲಿಲ್ಲ. ಕಾಫಿ ಒಣಗಿಸೋ ಕಣ ಬೇಸಿಗೆಲಿ ಖಾಲಿ ಬಿದ್ದಿರುತ್ತಲ್ಲ, ಸ್ಟ್ಯಾಂಡ್ ಇಡೋಕೆ ಅದೇ ಜಾಗ.

ಮರದ ವಿಷಯ. ಹಲಸು ಅಥವಾ ಹೊನ್ನೆ ಸಿಕ್ಕಿದ್ರೆ ತಗೊಳ್ಳಿ, ಸಿಲ್ವರ್ ಓಕ್ ಅಗ್ಗ ಆದ್ರೆ ಹುಳ ಬೇಗ ಹಿಡಿಯುತ್ತೆ. ಸಾಮಿಲ್ಲಲ್ಲಿ 10 ಅಡಿ ಉದ್ದದ, 6 ಇಂಚು ಅಗಲ 2 ಇಂಚು ದಪ್ಪದ ಹಲಗೆ ಎರಡು, 4 ಇಂಚು ಚೌಕದ ತುಂಡಲ್ಲಿ 5½ ಅಡಿ ಕಂಬ ಎರಡು, 3 ಅಡಿ ಊರೆ (ಕಂಬಕ್ಕೆ ಓರೆಯಾಗಿ ಆಸರೆ ಕೊಡೋ ತುಂಡು) ಎರಡು, ಅಡ್ಡ ಕಾಲಿಗೆ 4 ಅಡಿದು ಎರಡು ಕೊಯ್ಸ್ಕೊಳ್ಳಿ.

ಈಗ ಅಳತೆ, ಇಲ್ಲೇ ಎಲ್ಲರೂ ಎಡವೋದು. ಹಗ್ಗ ಬಿಗಿಯಾಗಿದ್ರೆ ಗಟ್ಟಿ ಅಂತ ಅನ್ಸುತ್ತೆ, ನಿಜ ಉಲ್ಟಾ. ಹಗ್ಗ 30 ಡಿಗ್ರಿ ಇಳಿಜಾರಲ್ಲಿದ್ರೆ 80 ಕೆಜಿ ಮನುಷ್ಯ ಮಲಗಿದಾಗ ಒಂದೊಂದು ಕಡೆ ಹಗ್ಗದ ಮೇಲೆ 80 ಕೆಜಿ ಎಳೆತ, ಅದನ್ನೇ ಬಿಗಿದು 15 ಡಿಗ್ರಿ ಮಾಡಿದ್ರೆ ಹತ್ರ ಹತ್ರ 155 ಕೆಜಿ, ಕಂಬ ಒಳಗೆ ಬಾಗೋದು ಅದಕ್ಕೇ. ಹಗ್ಗ ಸೇರಿ 11 ಅಡಿ ಇರೋ ಹ್ಯಾಮಕ್ ಆದ್ರೆ ಕೊಂಡಿಯಿಂದ ಕೊಂಡಿಗೆ 9½ ಅಡಿ, ನೆಲದಿಂದ 4½ ಅಡಿ ಎತ್ತರ, ಕೂತಾಗ ಸುಮಾರು ಕುರ್ಚಿ ಎತ್ತರಕ್ಕೆ ಬರುತ್ತೆ.

ಎರಡು ಹಲಗೆನ ಅಡ್ಡ ಕಾಲುಗಳ ಮೇಲೆ ಸಮಾನಾಂತರವಾಗಿ ನಿಲ್ಲಿಸಿ ಬೋಲ್ಟ್ ಹಾಕಿ, ಮಧ್ಯ 4 ಇಂಚು ಸಂದು ಬಿಡಿ. ಅದರೊಳಗೆ ಕಂಬ ಇಳಿಸಿ, ಬುಡಗಳ ನಡುವೆ 4 ಅಡಿ 9 ಇಂಚು ಇರ್ಲಿ, ತಲೆ ಹೊರಗಡೆ ವಾಲಿರ್ಬೇಕು, ನೆಲಕ್ಕೆ 60 ಡಿಗ್ರಿ. ಊರೆ ಕಂಬದ ಒಳಮಗ್ಗುಲಿಗೆ, ಬುಡದಿಂದ ಒಂದೂವರೆ ಅಡಿ ಒಳಗೆ ಶುರುವಾಗಿ ಕಂಬಕ್ಕೆ 2 ಅಡಿ ಮೇಲೆ ತಾಗೋ ಹಾಗೆ, ಊರೆ ತಲೆ ಕಂಬಕ್ಕೆ ಸೇರೋ ಕಡೆ ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ. ಬೋಲ್ಟು 12 ಎಂಎಂ, 9 ಇಂಚಿಂದು, ಒಂದು ಕಂಬಕ್ಕೆ ಎರಡು, ದೊಡ್ಡ ವಾಷರ್ ಮರೀಬೇಡಿ. ಮೊಳೆ ಹೊಡೆದು ಮುಗಿಸೋಣ ಅಂತ ಆಚಾರಿ ಹೇಳಿದ್ರೂ ಒಪ್ಪಬೇಡಿ, ಆಡ್ತಾ ಆಡ್ತಾ ಮೊಳೆ ಸಡಿಲ ಆಗುತ್ತೆ. ಕೊಂಡಿನೂ ಅಷ್ಟೇ, ತಿರುಪು ಹಾಕೋದಲ್ಲ, ಕಂಬದ ಆರ್‌ಪಾರ್ ತೂತು ಕೊರೆದು ಹಿಂದೆ ನಟ್ಟು.

ಮೊದಲು ಮರಳಿನ ಚೀಲ ಹಾಕಿ ತೂಗಿ ನೋಡಿ, ಆಮೇಲೆ ನೀವು. ಅಡ್ಡ ಕಾಲಿನ ಅಡಿಭಾಗಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆ ಎಣ್ಣೆ) ಎರಡು ಸಲ ಬಳಿದ್ರೆ ಗೆದ್ದಲು ಹತ್ರ ಬರೋದು ಕಮ್ಮಿ. ಜೂನ್ ಮಳೆಗೆ ಮುಂಚೆ ಬೋಲ್ಟ್ ಬಿಚ್ಚಿ ಕಂಬಗಳನ್ನ ಶೆಡ್ಡಿಗೆ ಹಾಕಿ, ಬೋಲ್ಟುಗಳನ್ನ ಒಂದು ಕವರಲ್ಲಿ ಕಟ್ಟಿ ಆ ಕಂಬಕ್ಕೇ ನೇತು ಹಾಕಿ, ಇಲ್ದಿದ್ರೆ ಮುಂದಿನ ಬೇಸಿಗೆಲಿ ನನ್ನ ಹಾಗೆ ಒಂದು ಬೆಳಗ್ಗೆ ಪೂರ್ತಿ ಅದನ್ನೇ ಹುಡುಕ್ತೀರ.