ಬೀಗ ಹಾಕಿದ ಚರ್ಚ್‌ನಲ್ಲಿ ಮೀಟರ್ ಯಾಕೆ ಓಡುತ್ತೆ? – ನನ್ನ ಅನುಭವ

ನಾನು ಎಲೆಕ್ಟ್ರಿಕಲ್ ಕೆಲಸದವನು ಅಂತ ಗೊತ್ತಿದ್ದಕ್ಕೆ ನಮ್ಮ ಚರ್ಚ್ ಕಮಿಟಿಯವ್ರು ಕರೆಂಟ್ ಬಿಲ್ ತಂದು ನನ್ ಕೈಗಿಟ್ರು. ವಾರಕ್ಕೆ 168 ಗಂಟೆ, ಅದ್ರಲ್ಲಿ ಒಳಗೆ ಜನ ಇರೋದು ಹತ್ತು ಗಂಟೆ ಇದ್ರೆ ಹೆಚ್ಚು. ಅದಕ್ಕೆ ನಾನು ಆರಾಧನೆ ಮುಗ್ಸಿ ಬೀಗ ಹಾಕೋವಾಗ ಒಂದ್ಸಲ, ಮತ್ತೆ ಬೀಗ ತೆಗೆಯೋವಾಗ ಒಂದ್ಸಲ ರೀಡಿಂಗ್ ಬರ್ದಿಟ್ಕೊಳ್ಳೋಕೆ ಶುರು ಮಾಡ್ದೆ.

ಯಾರೂ ಇಲ್ದಿದ್ರೂ ಮೀಟರ್ ಓಡ್ತಾನೇ ಇತ್ತು! ಒಂದೊಂದೇ ಎಂಸಿಬಿ (ಬೋರ್ಡಲ್ಲಿ ಒಂದೊಂದು ಲೈನಿಗೂ ಇರೋ ಟ್ರಿಪ್ ಸ್ವಿಚ್ಚು) ಇಳ್ಸಿ ನೋಡಿದ್ರೆ ಆಂಪ್ಲಿಫೈಯರು, ಮಿಕ್ಸರು ವಾರವಿಡೀ ಆನ್, ಹಿಂದಿನ ರೂಮಲ್ಲಿ ನಾಲ್ಕು ನೀರಿನ ಬಾಟ್ಲಿ ಇಟ್ಕೊಂಡು ಓಡ್ತಿರೋ ಹಳೇ ಫ್ರಿಡ್ಜು, ಯಾರೋ ಆಫ್ ಮಾಡದೆ ಬಿಟ್ಟ ಗೀಸರು. 100 ವ್ಯಾಟ್ ಸುಮ್ನೆ ಎಳೀತಿದ್ರೂ ವಾರಕ್ಕೆ ಹೆಚ್ಚುಕಮ್ಮಿ 17 ಯೂನಿಟ್ ಆಯ್ತು. ಸೌಂಡ್ ರ‍್ಯಾಕಿಗೆ ಒಂದೇ ಮೇನ್ ಸ್ವಿಚ್ಚು, ಗೀಸರಿಗೆ ಟೈಮರ್ರು, ಫ್ರಿಡ್ಜ್ ಬಂದ್. ಖರ್ಚು ಅಂತ ಹೇಳ್ಕೊಳ್ಳೋ ಹಾಗೇನೂ ಆಗ್ಲಿಲ್ಲ.

ಲೈಟಿನ ವಿಷಯಕ್ಕೆ ಬಂದ್ರೆ, 50 ವ್ಯಾಟಿನ ಹ್ಯಾಲೋಜನ್ ಜಾಗಕ್ಕೆ 6 ವ್ಯಾಟಿನ ಎಲ್‌ಇಡಿ ಸಾಕು, ಅದೆಲ್ರಿಗೂ ಗೊತ್ತು, ಆದ್ರೆ ಅಷ್ಟೆತ್ತರದ ಛಾವಣಿಲಿ ಬಲ್ಬಿಗಿಂತ ಅಟ್ಟಣಿಗೆ ಕಟ್ಟೋ ಖರ್ಚೇ ದೊಡ್ದು, ಹಾಗಾಗಿ ಎಲ್ಲಾ ಒಂದೇ ಸಲಕ್ಕೆ ಬದಲಾಯಿಸಿ ಡ್ರೈವರ್‌ಗಳನ್ನ (ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಕೊಡೋ ಡಬ್ಬಿ) ಮಾತ್ರ ಕೈಗೆ ಸಿಗೋ ಎತ್ತರದಲ್ಲೇ ಇಟ್ವಿ. ಹಳೇ ಡಿಮ್ಮರ್ (ಬೆಳಕು ಹೆಚ್ಚುಕಮ್ಮಿ ಮಾಡೋ ಸ್ವಿಚ್ಚು) ಜೊತೆ ಎಲ್‌ಇಡಿ ಮಿಣಮಿಣ ಅನ್ನುತ್ತೆ, ಡಿಮ್ಮರೂ ಬದಲಾಯಿಸ್ಲೇಬೇಕು. ಬಲಿಪೀಠದ ಕಡೆಗೆ 2700 ಕೆಲ್ವಿನ್ (ಹಳದಿ ಛಾಯೆಯ ಬೆಚ್ಚಗಿನ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋಕೆ ನೂರರವರೆಗಿನ ಅಂಕ) 90ಕ್ಕಿಂತ ಮೇಲಿಂದೇ ತಗೊಳ್ಳಿ, ಇಲ್ಲಾಂದ್ರೆ ಮರ, ಚಿತ್ರ ಎಲ್ಲಾ ಬಿಳಚ್ಕೊಂಡು ಆಸ್ಪತ್ರೆ ವಾರ್ಡ್ ಥರ ಕಾಣುತ್ತೆ. ಸರ್ಕ್ಯೂಟನ್ನ ಬಲಿಪೀಠ, ಮುಂದಿನ ಬೆಂಚು, ಹಿಂದಿನ ಬೆಂಚು, ಕ್ವೈರ್ (ಹಾಡೋರ ಜಾಗ) ಅಂತ ಬೇರೆಬೇರೆ ಮಾಡಿದ್ದೇ ನನ್ ಪ್ರಕಾರ ಬಲ್ಬಿಗಿಂತ ದೊಡ್ಡ ಕೆಲ್ಸ, ಯಾಕಂದ್ರೆ ವಾರದ ಮಧ್ಯದ ಪ್ರಾರ್ಥನೆಗೆ ಇಪ್ಪತ್ತು ಜನ ಬಂದ್ರೂ ಮೊದ್ಲು ಇಡೀ ಹಾಲ್ ಉರೀತಿತ್ತು.

ಚಳಿಗಾಲದ ಹೀಟಿಂಗೇ ನಿಜವಾದ ತಲೆನೋವು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ಜನ ಕೂರೋದು ಕೆಳಗಿನ ಎರಡು ಮೀಟರಲ್ಲಿ, ಅಂದ್ರೆ ನಾವು ದುಡ್ಡು ಕೊಟ್ಟು ಛಾವಣಿನ ಬೆಚ್ಚಗಿಡ್ತಿದ್ವಿ. ಬೆಂಚಿನ ಕೆಳಗೆ ಚಿಕ್ಕ ಹೀಟರ್ ಹಾಕಿ, ಜನ ಕೂರೋ ಸಾಲಿಂದು ಮಾತ್ರ ಆನ್ ಮಾಡ್ತೀವಿ. ಬಾಗಿಲ ಸಂದಿಗೆ ಬ್ರಷ್ ಪಟ್ಟಿ, ಗೋಪುರದ ಮೆಟ್ಟಿಲ ಬಾಯಿಗೆ ಬಾಗಿಲು. ಪೈಪ್ ಆರ್ಗನ್ (ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸೋ ದೊಡ್ಡ ವಾದ್ಯ) ಇರೋರು ಜೋಪಾನ, ಗಾಳಿ ದಿಢೀರಂತ ಬಿಸಿಯಾದ್ರೆ ಅದ್ರ ತೇವಾಂಶ ಕಮ್ಮಿಯಾಗಿ ವಾದ್ಯದ ಮರ ಬಿರುಕು ಬಿಡುತ್ತೆ. ಹಳೇ ಕಲ್ಲಿನ ಗೋಡೆಗೆ ಒಳಗಿಂದ ಫೋಮ್ ಶೀಟ್ ಹೊಡೀರಿ ಅಂದವ್ರೂ ಇದ್ರು, ನಾನು ಒಪ್ಲಿಲ್ಲ. ಸುಣ್ಣದ ಗಾರೆ ಗೋಡೆ ಉಸಿರಾಡ್ಬೇಕು, ಮುಚ್ಚಿದ್ರೆ ತೇವ ಒಳಗೇ ಕೂತು ಗಾರೆ ಉದುರುತ್ತೆ.

ಇಷ್ಟಾದ್ಮೇಲೆ ಮಂಜೂರಾದ ಲೋಡ್ (ಒಂದೇ ಹೊತ್ತಿಗೆ ಎಷ್ಟು ಕಿಲೋವ್ಯಾಟ್ ಬಳಸ್ಬೋದು ಅಂತ ಕರೆಂಟ್ ಕಂಪನಿ ಒಪ್ಪಿರೋ ಮಿತಿ) ಎಷ್ಟಿದೆ ಅಂತ ಬಿಲ್ಲಲ್ಲಿ ನೋಡಿ. ಅದ್ರ ಮೇಲೆ ಫಿಕ್ಸೆಡ್ ಚಾರ್ಜ್ ಇದ್ರೆ, ಯೂನಿಟ್ ಎಷ್ಟೇ ಉಳಿಸಿದ್ರೂ ಆ ಭಾಗ ಹಾಗೇ ಬರ್ತಿರುತ್ತೆ. ನಾವು ಒಂದು ಚಳಿಗಾಲದ ಗರಿಷ್ಠ ಬೇಡಿಕೆ (ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚು ಲೋಡ್) ನೋಡ್ಕೊಂಡು, ಹಬ್ಬದ ದಿನಕ್ಕೆ ಸ್ವಲ್ಪ ಜಾಸ್ತಿನೇ ಇಟ್ಕೊಂಡು, ಲೋಡ್ ಇಳಿಸೋಕೆ ಅರ್ಜಿ ಹಾಕಿದ್ವಿ.