ಕೋಟಿ ರೂಪಾಯಿ ಮಷಿನ್‌ಗೆ ಸರ್ಕಾರದ ಗ್ರಾಂಟ್: ಅರ್ಜಿಯಿಂದ ಯುಸಿ (ಖರ್ಚಿನ ಸರ್ಟಿಫಿಕೇಟ್) ತನಕ ಏನೇನು ಮಾಡ್ಬೇಕು

ನಮ್ಮ ರಾಜ್ಯದ ಯಾವ್ದೇ ಯೂನಿವರ್ಸಿಟಿಯ ಸೈನ್ಸ್ ಬ್ಲಾಕ್‌ಗೆ ಹೋಗಿ ಪಿಎಚ್‌ಡಿ ಹುಡುಗರನ್ನ ಕೇಳಿ ನೋಡಿ, ಸ್ಯಾಂಪಲ್ ಎಲ್ಲಿ ಟೆಸ್ಟ್ ಮಾಡಿಸ್ತೀರಾ ಅಂತ. ಒಬ್ರು ಧಾರವಾಡಕ್ಕೆ ಕಳಿಸಿದೀನಿ ಅಂತಾರೆ, ಇನ್ನೊಬ್ರು ಐಐಎಸ್‌ಸಿಲಿ ಸ್ಲಾಟ್‌ಗೆ ಕಾಯ್ತಿದೀನಿ ಅಂತಾರೆ, ಮತ್ತೊಬ್ರು ಕೊಚ್ಚಿಗೆ ಕೊರಿಯರ್ ಮಾಡಿದೀನಿ ಇನ್ನೂ ರಿಸಲ್ಟ್ ಬಂದಿಲ್ಲ ಅಂತಾರೆ. ಹಂಗಾಗಿ ಒಂದಲ್ಲ ಒಂದು ದಿನ ಡಿಪಾರ್ಟ್‌ಮೆಂಟ್ ಮೀಟಿಂಗಲ್ಲಿ ಮಾತು ಬಂದೇ ಬರುತ್ತೆ, ನಮ್ಮಲ್ಲೇ ಒಂದು ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ತರಿಸಿಬಿಡೋಣ, ಒಂದು ಎನ್‌ಎಂಆರ್ (ಮ್ಯಾಗ್ನೆಟ್‌ನಿಂದ ಅಣುಗಳ ರಚನೆ ನೋಡೋ ಮಷಿನ್) ತರಿಸೋಣ, ಸರ್ಕಾರ ಹೆಂಗಿದ್ರೂ ದುಡ್ಡು ಕೊಡುತ್ತಲ್ಲ ಅಂತ. ಕೊಡುತ್ತೆ, ಸುಳ್ಳಲ್ಲ. ಆದ್ರೆ ಕೊಡೋದು ಮುಖ್ಯವಾಗಿ ಮಷಿನ್ ತಗೊಳ್ಳೋದಕ್ಕೆ, ಅದನ್ನ ವರ್ಷಾನುಗಟ್ಲೆ ಓಡಿಸೋ ಖರ್ಚು ಬಹುಪಾಲು ನಮ್ಮ ತಲೆ ಮೇಲೇ ಬರುತ್ತೆ. ಆ ಲೆಕ್ಕದಿಂದ ಶುರು ಮಾಡಿ ಅರ್ಜಿ ಬರೆಯೋರು ಕಮ್ಮಿ, ಬರೆದೋರ ಪ್ರಪೋಸಲ್ ಮಾತ್ರ ಓದಿದ ತಕ್ಷಣ ಗೊತ್ತಾಗುತ್ತೆ.

ಯಾವ ಸ್ಕೀಮು, ಯಾರಿಗೆ

ಕೇಂದ್ರದ ಡಿಎಸ್‌ಟಿ, ಅಂದ್ರೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, 2000ದಲ್ಲಿ ಶುರು ಮಾಡಿದ ಫಿಸ್ಟ್ ಎಲ್ಲರಿಗೂ ಗೊತ್ತಿರೋ ಸ್ಕೀಮು. ಇದು ಡಿಪಾರ್ಟ್‌ಮೆಂಟ್ ಲೆವೆಲ್‌ದು, ಪಿಜಿ ಕಾಲೇಜುಗಳಿಗೂ ಜಾಗ ಇದೆ, ಸಾಮಾನ್ಯವಾಗಿ 5 ವರ್ಷದ ಅವಧಿ, ಉಪಕರಣದ ಜೊತೆಗೆ ಕಂಪ್ಯೂಟರ್ ನೆಟ್‌ವರ್ಕು, ಲ್ಯಾಬ್ ರಿಪೇರಿ, ಮೆಂಟೆನೆನ್ಸ್ ಅಂತ ಬೇರೆಬೇರೆ ಹೆಡ್ (ಖರ್ಚಿನ ಬಾಬ್ತು) ಇರುತ್ತೆ. ಪರ್ಸ್ ಅನ್ನೋದು 2009ರಿಂದ ಇರೋದು, ಇಡೀ ಯೂನಿವರ್ಸಿಟಿ ಸೇರಿ ಹಾಕೋ ಅರ್ಜಿ, ಒಂದು ಡಿಪಾರ್ಟ್‌ಮೆಂಟಿನ ಎಚ್‌ಒಡಿ ಒಬ್ರೇ ಕೂತು ಬರೆಯೋದಲ್ಲ.

ಸೈಫ್ ಬೇರೆ ಥರ. ಅದು ದೇಶದ ಎಲ್ಲ ಸಂಶೋಧಕರಿಗೂ ತೆರೆದಿರೋ ಉಪಕರಣ ಕೇಂದ್ರಗಳ ಜಾಲ, ಮದ್ರಾಸ್ ಮತ್ತು ಬಾಂಬೆ ಐಐಟಿ, ಚಂಡೀಗಢದ ಪಂಜಾಬ್ ಯೂನಿವರ್ಸಿಟಿ, ಕೊಚ್ಚಿ ಹೀಗೆ, ನಮ್ಮ ಕಡೆ ಧಾರವಾಡದ ಕರ್ನಾಟಕ ಯೂನಿವರ್ಸಿಟಿ ಇದರಲ್ಲಿದೆ. ಆಮೇಲೆ ಬಂದಿದ್ದು ಸಾಥಿ, ದಿಲ್ಲಿ ಐಐಟಿ, ಖರಗ್‌ಪುರ ಐಐಟಿ, ಬನಾರಸ್ ಹಿಂದೂ ಯೂನಿವರ್ಸಿಟಿ ಥರದ ದೊಡ್ಡ ಜಾಗಗಳಲ್ಲಿ ದೊಡ್ಡ ಕೇಂದ್ರ. ಹೊಸದಾಗಿ ಮೊದಲ ಮಷಿನ್‌ಗೆ ಕೈ ಹಾಕೋರು ಇದರ ಆಸೆ ಸದ್ಯಕ್ಕೆ ಬಿಡೋದು ಒಳ್ಳೇದು.

2023ರ ಕಾಯ್ದೆಯಿಂದ ಬಂದ, ಸಂಶೋಧನೆಗೆ ದುಡ್ಡು ಕೊಡೋ ಎಎನ್‌ಆರ್‌ಎಫ್ ಇದೆಯಲ್ಲ, ಇದೇ ಕೆಲಸದ ಹಳೇ ಮಂಡಳಿ ಎಸ್‌ಇಆರ್‌ಬಿ ಅದರೊಳಗೇ ಸೇರಿಹೋಯ್ತು, ಅದರ ಪೇರ್ ಅನ್ನೋ ಸ್ಕೀಮಲ್ಲಿ ಒಂದು ಬಲವಾದ ಸಂಸ್ಥೆ ನಡುವೆ ಇದ್ದು ಸುತ್ತ ಬೆಳೀತಿರೋ ಯೂನಿವರ್ಸಿಟಿಗಳು ಜೊತೆಗೂಡ್ತಾವೆ. ನಮ್ಮ ರಾಜ್ಯ ಯೂನಿವರ್ಸಿಟಿಗಳಿಗೆ ಇದು ಒಳ್ಳೇ ದಾರಿ ಅಂತ ನನಗನ್ಸುತ್ತೆ, ಯಾಕಂದ್ರೆ ಅನುಭವ ಇರೋರ ಮಷಿನ್ ಹತ್ರ ನಮ್ಮ ಹುಡುಗರು ಹೋಗಿ ಕಲಿಯೋಕೆ ಅವಕಾಶ ಸಿಗುತ್ತೆ. ಇನ್ನು ರಾಜ್ಯ ಸರ್ಕಾರದ ವಿಜಿಎಸ್‌ಟಿ (ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್) ಕೊಡೋ ಕೆ-ಫಿಸ್ಟ್ ಮೊತ್ತದಲ್ಲಿ ಸಣ್ಣದು, ಕೋಟಿ ಮಾತಲ್ಲ, ಆದ್ರೆ ಡಿಗ್ರಿ ಕಾಲೇಜಿನೋರು, ಇಂಜಿನಿಯರಿಂಗ್ ಕಾಲೇಜಿನೋರು ಶುರು ಮಾಡೋಕೆ ಅದೇ ಸರಿ, ಒಂದು ಸಣ್ಣ ಗ್ರಾಂಟನ್ನ ನೀಟಾಗಿ ಮುಗಿಸಿ ಲೆಕ್ಕ ಕೊಟ್ಟಿದ್ದೀವಿ ಅನ್ನೋದು ಮುಂದಿನ ಅರ್ಜಿಗೆ ದೊಡ್ಡ ಬಲ.

ಅರ್ಜಿಗೆ ಮುಂಚೆ ಐ-ಸ್ಟೆಮ್ ನೋಡಿ

ಐ-ಸ್ಟೆಮ್ ಅನ್ನೋ ಪೋರ್ಟಲ್ ಇದೆ, 2020ರ ಜನವರಿ 3ಕ್ಕೆ ಬೆಂಗಳೂರಿನ ಜಿಕೆವಿಕೆಲಿ ಸೈನ್ಸ್ ಕಾಂಗ್ರೆಸ್ ನಡೀವಾಗ ಪ್ರಧಾನಿ ಉದ್ಘಾಟನೆ ಮಾಡಿದ್ದು, ನಡೆಸೋ ತಂಡ ಇರೋದು ಐಐಎಸ್‌ಸಿಲಿ. ಸರ್ಕಾರದ ದುಡ್ಡಲ್ಲಿ ತಂದ ಯಾವ ಉಪಕರಣ ಯಾವ ಊರಲ್ಲಿದೆ ಅಂತ ಅಲ್ಲಿ ಹುಡುಕಬಹುದು, ಸ್ಲಾಟೂ ಬುಕ್ ಮಾಡಬಹುದು. ನೀವು ಕೇಳ್ಬೇಕು ಅಂತಿರೋ ಮಷಿನ್ ನಿಮ್ಮ ಊರಿನ ಇನ್ನೊಂದು ಸಂಸ್ಥೆಲಿ ಆಗ್ಲೇ ಇದ್ರೆ ಅರ್ಜಿ ನೋಡೋ ಕಮಿಟಿಯೋರು ಕೇಳೋ ಮೊದಲ ಪ್ರಶ್ನೆನೇ ಅದು, ಅಲ್ಲೇ ಮಾಡಿಸ್ಕೋಬೋದಲ್ಲ ಅಂತ. ಇದಕ್ಕೆ ಉತ್ತರ ಪ್ರಪೋಸಲ್‌ನಲ್ಲೇ ಇರ್ಬೇಕು, ಪ್ರೆಸೆಂಟೇಶನ್ ದಿನ ಎದ್ದು ನಿಂತು ತಡಕಾಡೋ ಹಂಗಿರಬಾರ್ದು. ಅಲ್ಲಿ ಮಷಿನ್ ಇದೆ ಆದ್ರೆ ಇಷ್ಟು ತಿಂಗಳು ಕ್ಯೂ ಇದೆ, ನಮ್ಮ ಸ್ಯಾಂಪಲ್ ಗಾಳಿ ತಾಗಿದ್ರೆ ಹಾಳಾಗುತ್ತೆ ಕೊರಿಯರ್‌ಗೆ ತಡೆಯಲ್ಲ, ಈ ಥರ ನಿಜವಾದ ಕಾರಣ ಇದ್ರೆ ಬರೀರಿ. ಕಾರಣ ಇಲ್ಲ ಅಂದ್ರೆ ಮಷಿನ್ ಬದಲಿಸಿ. ನ್ಯಾನೋ ಕಡೆಯ ಕೆಲಸ ಆದ್ರೆ ಐಐಎಸ್‌ಸಿಯ ಸೆನ್ಸ್ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೆ ಅಂತಲೇ ಐಎನ್‌ಯುಪಿ ಕಾರ್ಯಕ್ರಮ ಇದೆ, ವರ್ಷಕ್ಕೆ ನಾಕು ಸ್ಯಾಂಪಲ್ ಇರೋರು ಸ್ವಂತ ಮಷಿನ್ ಕನಸು ಕಾಣೋದಕ್ಕಿಂತ ಅಲ್ಲಿಗೆ ಅರ್ಜಿ ಹಾಕೋದು ಮೇಲು.

ಪ್ರಪೋಸಲ್‌ನಲ್ಲಿ ಯಾವ ಪುಟಕ್ಕೆ ತೂಕ

ಫಿಸ್ಟ್ ಅರ್ಜಿ ಡಿಎಸ್‌ಟಿಯ ಇ-ಪಿಎಂಎಸ್ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕೋದು, ಕಾಲ್, ಅಂದ್ರೆ ಅರ್ಜಿ ಕರೆಯೋ ಪ್ರಕಟಣೆ, ಬಂದಾಗ ಮಾತ್ರ. ಕಾಲ್ ಬಂದ್ಮೇಲೆ ಶುರು ಮಾಡಿದ್ರೆ ರಿಜಿಸ್ಟ್ರಾರ್ ಎಂಡೋರ್ಸ್‌ಮೆಂಟ್ ಲೆಟರ್‌ಗೆ (ಯೂನಿವರ್ಸಿಟಿ ಒಪ್ಪಿಗೆ ಪತ್ರ) ಫೈಲ್ ಓಡಾಡೋದ್ರಲ್ಲೇ ಕಡೇ ದಿನ ಬಂದ್ಬಿಡುತ್ತೆ, ಅದಕ್ಕೆ ಹಿಂದಿನ 5 ವರ್ಷದ ಪೇಪರು, ಪ್ರಾಜೆಕ್ಟು, ಪಿಎಚ್‌ಡಿ ಲಿಸ್ಟು ಯಾವಾಗ್ಲೂ ರೆಡಿ ಇಟ್ಕೊಂಡಿರಿ. ಡಿಪಾರ್ಟ್‌ಮೆಂಟಿನ ಇತಿಹಾಸ ಎರಡು ಪುಟ ಬರೆಯೋ ಅಭ್ಯಾಸ ಇದೆ ನಮ್ಮಲ್ಲಿ, ಸ್ಥಾಪಕರಿಂದ ಹಿಡಿದು. ಅದನ್ನ ಯಾರೂ ಓದಲ್ಲ.

ಓದೋದು ಯೂಸರ್ ಟೇಬಲ್. ಅಂದ್ರೆ ಈ ಮಷಿನ್ ಬಂದ್ರೆ ಯಾವ ಗ್ರೂಪ್, ಯಾವ ಕೆಲಸಕ್ಕೆ, ವಾರಕ್ಕೆ ಎಷ್ಟು ಗಂಟೆ ಬಳಸ್ತಾರೆ, ಪಕ್ಕದ ಡಿಪಾರ್ಟ್‌ಮೆಂಟ್ ಎಷ್ಟು, ಹೊರಗಿನ ಕಾಲೇಜು ಎಷ್ಟು, ಫ್ಯಾಕ್ಟರಿಯೋರು ಯಾರಾದ್ರೂ ಬರ್ತಾರಾ. ಇದನ್ನ ಸುಮ್ನೆ ಊಹೆ ಮೇಲೆ ತುಂಬಬೇಡಿ. ಹೋದ ವರ್ಷ ನಮ್ಮ ಹುಡುಗರು ಹೊರಗಡೆ ಎಷ್ಟು ಸ್ಯಾಂಪಲ್ ಕಳಿಸಿದ್ರು, ಎಷ್ಟು ಚಾರ್ಜ್ ಕಟ್ಟಿದ್ರು ಅಂತ ಬಿಲ್ ಹುಡುಕಿ ಲೆಕ್ಕ ಹಾಕಿ, ಆ ಬಿಲ್ಲುಗಳಿಗಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಪಕ್ಕದ ಕಾಲೇಜಿನೋರಿಂದ ನಮಗೂ ಬೇಕು ಅಂತ ಒಂದು ಲೆಟರ್ ತಗೊಂಡು ಲಗತ್ತಿಸಿ.

ಇನ್ನೊಂದು, ಹಂಚ್ಕೋಬೇಕು ಅನ್ನೋದು ಈಗ ಬರೀ ಬಾಯಿ ಮಾತಲ್ಲ. ಡಿಎಸ್‌ಟಿ ಶ್ರೀಮಾನ್ ಅಂತ ಮಾರ್ಗಸೂಚಿನೇ ತಂದಿದೆ, ಸರ್ಕಾರಿ ದುಡ್ಡಿನ ಉಪಕರಣ ಹೊರಗಿನೋರಿಗೂ ಸಿಗ್ಬೇಕು, ಮೆಂಟೆನೆನ್ಸ್ ಸರಿಯಾಗಿ ಆಗ್ಬೇಕು ಅಂತ. ಒಬ್ಬ ಪ್ರೊಫೆಸರ ರೂಮಿನ ಒಳಗಿಟ್ಟು ಬೀಗ ಹಾಕೋ ಕಾಲ ಮುಗೀತು ಅಂತ ಹೇಳೋಕೆ ಆಸೆ, ಪೂರ್ತಿ ಮುಗಿದಿಲ್ಲ.

ರೂಮು, ಕರೆಂಟು, ಅರ್ಥಿಂಗು

ಹೆಚ್ಚು ಜನ ಎಡವೋದು ಇಲ್ಲೇ. ಮಷಿನ್ ಬಂದು ಡಬ್ಬದಲ್ಲೇ ತಿಂಗಳುಗಟ್ಲೆ ಕೂತಿದೆ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಅದು ರೂಮಿನ ತಕರಾರು, ವಾರಂಟಿ ಮಾತ್ರ ಕೆಲವು ಸಲ ಮಷಿನ್ ಹೊರಟ ದಿನದಿಂದಲೇ ಓಡ್ತಿರುತ್ತೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಆದ್ರೆ ಗ್ರೌಂಡ್ ಫ್ಲೋರ್ ಬೇಕು, ಲಿಫ್ಟು, ಟ್ರಾನ್ಸ್‌ಫಾರ್ಮರು, ನೀರಿನ ಪಂಪು, ಬಸ್ ಓಡೋ ರೋಡು ಇವೆಲ್ಲದರಿಂದ ದೂರ ಇರ್ಬೇಕು, ಯಾಕಂದ್ರೆ ಲಕ್ಷ ಪಟ್ಟು ದೊಡ್ಡದು ಮಾಡಿ ನೋಡೋ ಕಡೆ ನೆಲ ಕೂದಲೆಳೆಯಷ್ಟು ಅಲುಗಿದ್ರೂ ಫೋಟೋ ಮಸುಕು. ಕಂಪನಿಯೋರನ್ನ ಕರೆಸಿ ಸೈಟ್ ಸರ್ವೆ ಮಾಡಿಸಿ, ಕಂಪನ ಎಷ್ಟಿದೆ, ಸುತ್ತ ಮ್ಯಾಗ್ನೆಟಿಕ್ ಫೀಲ್ಡ್ ಎಷ್ಟಿದೆ ಅಂತ ಅಳೆದು ಕೊಡ್ತಾರೆ, ಇದನ್ನ ಅರ್ಜಿಗೆ ಮುಂಚೆನೇ ಮಾಡಿಸಿದ್ರೆ ರೂಮ್ ರಿಪೇರಿ ಖರ್ಚೂ ಬಜೆಟ್‌ಗೆ ಸೇರಿಸ್ಬೋದು. ಮಷಿನ್‌ಗೆ ಅಂತ ಪ್ರತ್ಯೇಕ ಅರ್ಥ್ ಪಿಟ್ ಬೇಕು, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಸಾಮಾನ್ಯವಾಗಿ 2 ವೋಲ್ಟ್ ಒಳಗೆ ಕೇಳ್ತಾರೆ, ನಮ್ಮ ಹಳೇ ಬಿಲ್ಡಿಂಗ್‌ಗಳಲ್ಲಿ ಮೀಟರ್ ಇಟ್ಟು ನೋಡಿದ್ರೆ ಗಾಬರಿ ಆಗುತ್ತೆ. ಎಕ್ಸ್‌ಆರ್‌ಡಿ (ಹರಳಿನ ರಚನೆ ನೋಡೋ ಮಷಿನ್) ಆದ್ರೆ ಎಕ್ಸ್‌ರೇ ಬರೋ ಮಷಿನ್, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿಯ ನಿಯಮ ಬರುತ್ತೆ, ಅದರ ಇ-ಲೋರಾ ಪೋರ್ಟಲ್ ಕೆಲಸ ಒಂದು ಸೇರ್ಕೊಳ್ಳುತ್ತೆ.

ಎನ್‌ಎಂಆರ್ ಕಥೆ ಇನ್ನೂ ಬೇರೆ. ಅದರ ಮ್ಯಾಗ್ನೆಟ್ ಸುರುಳಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರುತ್ತೆ, ಅದರ ಸುತ್ತ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್. ಕರೆಂಟ್ ಹೋದ್ರೆ ಮ್ಯಾಗ್ನೆಟ್‌ಗೆ ಏನೂ ಆಗಲ್ಲ, ಆದ್ರೆ ಸ್ಯಾಂಪಲ್ ಇರ್ಲಿ ಬಿಡ್ಲಿ, ದಸರಾ ರಜೆ ಇರ್ಲಿ ಎಲೆಕ್ಷನ್ ಡ್ಯೂಟಿ ಇರ್ಲಿ, ನೈಟ್ರೋಜನ್ ವಾರಕ್ಕೋ ಹತ್ತು ದಿನಕ್ಕೋ ತುಂಬಿಸ್ಬೇಕು, ಹೀಲಿಯಂ ಕೆಲವು ತಿಂಗಳಿಗೊಮ್ಮೆ. ಹೀಲಿಯಂ ನಮ್ಮ ದೇಶಕ್ಕೆ ಹೊರಗಿಂದ ಬರೋದು, ರೇಟು ನಮ್ಮ ಕೈಲಿಲ್ಲ. ಹೀಲಿಯಂ ಮಟ್ಟ ಇಳಿದು ಸುರುಳಿ ಬಿಸಿಯಾಗಿ ಕ್ವೆಂಚ್ ಆಯ್ತು ಅಂದ್ರೆ ನಿಮಿಷಗಳಲ್ಲಿ ಇರೋ ಹೀಲಿಯಂ ಎಲ್ಲ ಕುದ್ದು ಗ್ಯಾಸ್ ಆಗಿ ಹೋಗುತ್ತೆ, ರೂಮಲ್ಲಿ ಆಮ್ಲಜನಕ ಕಮ್ಮಿ ಆಗಿ ಒಳಗಿದ್ದೋರ ಜೀವಕ್ಕೂ ಅಪಾಯ. ಈ ದ್ರವಗಳ ಖರ್ಚನ್ನ ಗ್ರಾಂಟ್ ಮುಗಿದ ಮೇಲೂ ಯೂನಿವರ್ಸಿಟಿನೇ ಕೊಡುತ್ತೆ ಅಂತ ಸಿಂಡಿಕೇಟ್ (ಯೂನಿವರ್ಸಿಟಿಯ ಆಡಳಿತ ಮಂಡಳಿ) ಒಪ್ಪಿಗೆ ಬರಹದಲ್ಲಿ ತಗೊಳ್ಳದೇ ಎನ್‌ಎಂಆರ್ ಕೇಳ್ಲೇಬೇಡಿ ಅನ್ನೋದು ನನ್ನ ಅಭಿಪ್ರಾಯ.

ಕೊಟೇಶನ್, ಟೆಂಡರ್

ಬಜೆಟ್‌ಗೆ ಹಾಕೋ ಕೊಟೇಶನ್‌ನಲ್ಲಿ ಬರೀ ಮಷಿನ್ ರೇಟ್ ನೋಡಿ ಖುಷಿ ಪಡಬೇಡಿ. ಯುಪಿಎಸ್, ಚಿಲ್ಲರ್, ಕೋಟಿಂಗ್ ಯೂನಿಟ್, ಕಸ್ಟಮ್ಸ್, ಸಾಗಾಣಿಕೆ, ಎಲ್ಲ ಸೇರಿಸಿ ಕೇಳಿ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ಜಿಎಸ್‌ಟಿ ರಿಯಾಯಿತಿ 2022ರ ಜುಲೈನಲ್ಲೇ ಹೋಯ್ತು, ಹಳೇ ಪ್ರಪೋಸಲ್ ಕಾಪಿ ಹೊಡೆಯೋರು ಇವತ್ತಿಗೂ 5 ಅಂತಲೇ ಹಾಕ್ತಾರೆ, ಆಮೇಲೆ 18 ಕಟ್ಟೋವಾಗ ದುಡ್ಡು ಸಾಲಲ್ಲ. ಡಾಲರ್ ಏರಿಕೆಗೂ ಸ್ವಲ್ಪ ಜಾಗ ಬಿಡಿ, ಅರ್ಜಿ ಹಾಕಿದ ದಿನಕ್ಕೂ ಎಲ್‌ಸಿ (ಬ್ಯಾಂಕಿನ ಪಾವತಿ ಖಾತರಿ ಪತ್ರ) ತೆರೆಯೋ ದಿನಕ್ಕೂ ನಡುವೆ ವರ್ಷಾನೇ ಕಳೀಬೋದು.

ಮೆಂಟೆನೆನ್ಸ್ ಕಾಂಟ್ರಾಕ್ಟಲ್ಲಿ ಎಎಂಸಿ, ಸಿಎಂಸಿ ವ್ಯತ್ಯಾಸ ಗೊತ್ತಿರ್ಲಿ. ಎಎಂಸಿಲಿ ಇಂಜಿನಿಯರ್ ಬಂದು ನೋಡಿ ಹೋಗ್ತಾನೆ, ಪಾರ್ಟ್ಸ್ ದುಡ್ಡು ನಿಮ್ದೇ. ಸಿಎಂಸಿಲಿ ಪಾರ್ಟ್ಸೂ ಸೇರಿರುತ್ತೆ, ಅದರಲ್ಲೂ ಯಾವ ಪಾರ್ಟ್ ಸೇರಿಲ್ಲ ಅನ್ನೋ ಸಣ್ಣ ಅಕ್ಷರ ಓದಿ. 3 ವರ್ಷ ವಾರಂಟಿ, ಆಮೇಲೆ 5 ವರ್ಷ ಸಿಎಂಸಿ ರೇಟ್ ಎಷ್ಟು ಅಂತ ಟೆಂಡರ್‌ನಲ್ಲೇ ಕೇಳಿ, ಎಲ್1, ಅಂದ್ರೆ ಎಲ್ಲಕ್ಕಿಂತ ಕಮ್ಮಿ ರೇಟ್ ಯಾರದು ಅಂತ, ನೋಡೋವಾಗ ಅದನ್ನೂ ಸೇರಿಸಿ ನೋಡಿ, ಇಲ್ಲಾಂದ್ರೆ ಮಷಿನ್ ಅಗ್ಗ ತೋರಿಸಿ ಸಿಎಂಸಿಲಿ ವಸೂಲಿ ಮಾಡ್ತಾರೆ.

ನಿಯಮದ ವಿಷಯ ಸ್ವಲ್ಪ ಗೋಜಲು. ಕೇಂದ್ರದ ಗ್ರಾಂಟ್‌ಗೆ ಜಿಎಫ್‌ಆರ್ 2017 (ಕೇಂದ್ರದ ಹಣಕಾಸು ನಿಯಮ), ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ರಾಜ್ಯ ಯೂನಿವರ್ಸಿಟಿಗೆ ನಮ್ಮದೇ 1999ರ ಕೆಟಿಪಿಪಿ ಅನ್ನೋ ಖರೀದಿ ಕಾಯ್ದೆ. 200 ಕೋಟಿ ಒಳಗಿನ ಖರೀದಿಗೆ ಗ್ಲೋಬಲ್ ಟೆಂಡರ್ (ವಿದೇಶಿ ಕಂಪನಿಗಳನ್ನೂ ಕರೆಯೋದು) ಇಲ್ಲ ಅಂತ 2020ರ ಮೇ ತಿಂಗಳಲ್ಲಿ ಬಂದಿದ್ದು ಲ್ಯಾಬ್‌ಗಳಿಗೆ ತಲೆನೋವಾಗಿತ್ತು, 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸಂಶೋಧನಾ ಉಪಕರಣಕ್ಕೆ ಸಡಿಲ ಮಾಡಿ ಕುಲಪತಿ, ನಿರ್ದೇಶಕರಿಗೇ ಆ ಅಧಿಕಾರ ಕೊಡ್ತು. ಆ ಸಡಿಲಿಕೆ ನಿಮ್ಮ ಸಂಸ್ಥೆಗೆ ಅನ್ವಯಿಸುತ್ತಾ ಅನ್ನೋದನ್ನ ಫೈನಾನ್ಸ್ ಆಫೀಸರ್ ಹತ್ರ ಸ್ಯಾಂಕ್ಷನ್ ಆರ್ಡರ್ ಇಟ್ಕೊಂಡೇ ಕೂತು ಮಾತಾಡಿ, ನೋಟ್ ಶೀಟಲ್ಲಿ ಬರೆಸ್ಕೊಳ್ಳಿ. ಸ್ಪೆಸಿಫಿಕೇಶನ್‌ನ ಒಂದೇ ಕಂಪನಿ ಕ್ಯಾಟಲಾಗ್‌ನಿಂದ ಎತ್ತಿ ಹಾಕಿದ್ರೆ ಪ್ರಿ-ಬಿಡ್ ಮೀಟಿಂಗಲ್ಲೇ ಬೇರೆ ಕಂಪನಿಯೋರು ಆಕ್ಷೇಪ ಎತ್ತುತ್ತಾರೆ, ಆಡಿಟ್‌ನೋರು ಆಮೇಲೆ ಎತ್ತುತ್ತಾರೆ. ನಮ್ಮ ಕೆಲಸಕ್ಕೆ ಯಾವ ಅಳತೆ ಬೇಕೋ ಅದನ್ನ ಬರೀರಿ.

ಓಡಿಸೋರು ಯಾರು

ಆನೆ ತಂದಿದ್ದಾಯ್ತು, ಮಾವುತ ಬೇಡ್ವಾ. ಉಪಕರಣದ ಗ್ರಾಂಟ್‌ನಲ್ಲಿ ಆಪರೇಟರ್ ಸಂಬಳ ಸಾಮಾನ್ಯವಾಗಿ ಬರಲ್ಲ, ಬಂದ್ರೂ ಅವಧಿ ಮುಗಿದ ದಿನ ನಿಲ್ಲುತ್ತೆ. ಕೊನೆಗೆ ಯಾರೋ ಪಿಎಚ್‌ಡಿ ಹುಡುಗಿ ಮಷಿನ್ ಕಲಿತು ಎರಡು ವರ್ಷ ಎಲ್ಲರ ಸ್ಯಾಂಪಲ್ ರನ್ ಮಾಡಿ ಥೀಸಿಸ್ ಬರೆಯೋಕೆ ಟೈಮಿಲ್ಲದೆ ಒದ್ದಾಡ್ತಾಳೆ, ಅವಳು ಹೋದ್ಮೇಲೆ ಮಷಿನ್‌ಗೆ ಬಟ್ಟೆ ಹೊದಿಸ್ತಾರೆ. ಇದು ತಪ್ಪು, ಇದನ್ನ ಮಾಮೂಲಿ ಅಂತ ಒಪ್ಕೋಬಾರ್ದು. ಒಂದು ಟೆಕ್ನಿಕಲ್ ಹುದ್ದೆ ಕೊಡ್ತೀವಿ ಅಂತ ಎಂಡೋರ್ಸ್‌ಮೆಂಟ್ ಲೆಟರ್‌ನಲ್ಲೇ ಬರೆಸಿ. ಕಂಪನಿ ಟ್ರೈನಿಂಗ್‌ಗೆ ಕನಿಷ್ಠ ಇಬ್ಬರನ್ನ ಕೂರಿಸಿ, ಅದರಲ್ಲಿ ಒಬ್ರು ಪರ್ಮನೆಂಟ್ ಆಗಿರ್ಲಿ.

ಚಾರ್ಜ್ ನಾಕು ಸ್ಲ್ಯಾಬ್ ಇಟ್ರೆ ಸಾಕು: ಒಳಗಿನೋರು, ಬೇರೆ ಯೂನಿವರ್ಸಿಟಿ, ಸರ್ಕಾರಿ ಲ್ಯಾಬು, ಇಂಡಸ್ಟ್ರಿ. ಪೂರ್ತಿ ಫ್ರೀ ಮಾಡಬೇಡಿ, ಫ್ರೀ ಅಂದ್ರೆ ಬೇಡದ ಸ್ಯಾಂಪಲ್ಲೂ ಬರುತ್ತೆ. ಆ ದುಡ್ಡು ಬೇರೆ ಅಕೌಂಟ್‌ಗೆ ಹೋಗಿ ಮಷಿನ್‌ಗೇ ಖರ್ಚಾಗೋ ಹಂಗೆ ಮೊದಲೇ ಆರ್ಡರ್ ಮಾಡಿಸಿ. ಯೂನಿವರ್ಸಿಟಿ ಜನರಲ್ ಫಂಡ್‌ಗೆ ಹೋಯ್ತೋ, ಒಂದು ಎಕ್ಸ್‌ರೇ ಟ್ಯೂಬ್ ಬದಲಿಸೋಕೂ ಫೈಲ್ ಹಿಡಿದು ಐದು ಟೇಬಲ್ ಸುತ್ತಬೇಕು.

ಲಾಗ್ ಬುಕ್ ಮರೀಬೇಡಿ. ತಾರೀಖು, ಯೂಸರ್ ಹೆಸರು, ಸಂಸ್ಥೆ, ಸ್ಯಾಂಪಲ್, ಶುರು ಆದ ಟೈಮು, ಮುಗಿದ ಟೈಮು, ಏನಾದ್ರೂ ಎರರ್ ಬಂತಾ, ಇಷ್ಟು ಕಾಲಂ. ರಿವ್ಯೂಗೆ ಬರೋ ಎಕ್ಸ್‌ಪರ್ಟ್‌ಗಳು ಮಷಿನ್ ನೋಡೋಕೂ ಮುಂಚೆ ಆ ಪುಸ್ತಕ ತೆರೀತಾರೆ, ಒಂದೇ ಪೆನ್ನಲ್ಲಿ ಒಂದೇ ಕೈಬರಹದಲ್ಲಿ ಮೂರು ತಿಂಗಳು ತುಂಬಿದ್ರೆ ಅವರಿಗೂ ಅರ್ಥ ಆಗುತ್ತೆ. ಇನ್‌ಸ್ಟಾಲೇಶನ್ ಆದ ವಾರವೇ ಐ-ಸ್ಟೆಮ್‌ನಲ್ಲೂ ಎಂಟ್ರಿ ಮಾಡಿ.

ಲೆಕ್ಕ ಕೊಡೋದು

ಗ್ರಾಂಟ್ ಕಂತಿನಲ್ಲಿ ಬಂದ್ರೆ ಮುಂದಿನ ಕಂತು ಸಿಗೋದು ಯುಸಿ ಕೊಟ್ಮೇಲೆ, ಜಿಎಫ್‌ಆರ್ 12-ಎ ಫಾರ್ಮ್‌ನಲ್ಲಿ, ಜೊತೆಗೆ ಖರ್ಚಿನ ಸ್ಟೇಟ್‌ಮೆಂಟ್. ಹೆಡ್ ಬದಲಿಸಿ ಖರ್ಚು ಮಾಡಬೇಡಿ, ಮೆಂಟೆನೆನ್ಸ್ ದುಡ್ಡಲ್ಲಿ ಕಂಪ್ಯೂಟರ್ ತಗೊಂಡ್ರೆ ಒಪ್ಪಲ್ಲ, ಬೇಕಿದ್ರೆ ಮೊದಲು ಲೆಟರ್ ಬರೆದು ಅನುಮತಿ ತಗೊಳ್ಳಿ. ಬ್ಯಾಂಕಲ್ಲಿ ಬಡ್ಡಿ ಬಂದಿದ್ರೆ ಅದು ಸರ್ಕಾರದ್ದು, ವಾಪಸ್ ಕಟ್ಟಿ ಚಲನ್ ಕಾಪಿ ಯುಸಿಗೆ ಲಗತ್ತಿಸಿ. ಸರ್ಕಾರಿ ದುಡ್ಡಿನ ಲೆಕ್ಕ ಇಡೋ ಪಿಎಫ್‌ಎಂಎಸ್ ಪೋರ್ಟಲ್‌ನಲ್ಲಿ ಕಾಣೋ ಬ್ಯಾಲೆನ್ಸೂ ನಿಮ್ಮ ಕ್ಯಾಶ್ ಬುಕ್ಕೂ ಪೈಸೆಗೆ ಪೈಸೆ ತಾಳೆ ಆಗ್ಬೇಕು, ಇದಕ್ಕೆ ಮಾರ್ಚ್ 31ರ ಸಂಜೆ ತನಕ ಕಾಯದೇ ಫೆಬ್ರವರಿಲೇ ಒಂದು ಸಲ ಅಕೌಂಟ್ಸ್ ಸೆಕ್ಷನ್‌ನೋರ ಜೊತೆ ಕೂತು ನೋಡ್ಕೊಂಡ್ಬಿಡಿ.